ನೂರು ಡಿಗ್ರಿ, ಆದ್ರೂ ನಾರ್ಮಲ್

ಲ್ಯಾಪ್‌ಟಾಪ್ ವಿಪರೀತ ಬಿಸಿಯಾಗ್ತಿದೆ ಎಂದು ಯಾವುದಾದರೂ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ನೋಡಿ. ಆ ಕಡೆಯಿಂದ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ. "ಪ್ರೊಸೆಸರ್ 100 ಡಿಗ್ರಿ ತನಕ ಹೋಗೋದು ನಾರ್ಮಲ್ ಸರ್. ಅದನ್ನ ಡಿಸೈನ್ ಮಾಡಿರೋದೇ ಹಾಗೆ."

ಸುಳ್ಳೇನಲ್ಲ. ಇಂಟೆಲ್‌ನ ಎಷ್ಟೋ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಬರೆದಿಟ್ಟಿರುವ ಗರಿಷ್ಠ ಮಿತಿ 100 ಡಿಗ್ರಿ ಸೆಲ್ಸಿಯಸ್ಸೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಅಂದರೆ ಕಾಫಿಗೆ ಇಟ್ಟ ನೀರು ಕುದ್ದು ಮುಗಿದ ಮೇಲೂ ನಮ್ಮ ಪ್ರೊಸೆಸರ್ ಇನ್ನೂ ಮೂರು ಡಿಗ್ರಿ ಮೇಲಕ್ಕೆ ಹೋಗಬಹುದು, ಯಾರೂ ಗಾಬರಿಯಾಗಬೇಕಿಲ್ಲ.

ಆ ಮಿತಿ ಮುಟ್ಟಿದಾಗ ಏನಾಗುತ್ತದೆ ಅನ್ನೋದನ್ನು ಮಾತ್ರ ಫೋನಿನಲ್ಲಿ ಹೇಳುವುದಿಲ್ಲ. ಪ್ರೊಸೆಸರ್ ಸುಟ್ಟುಹೋಗುವುದಿಲ್ಲ, ಅಷ್ಟು ದಡ್ಡ ಅಲ್ಲ ಅದು. ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಥ್ರಾಟ್ಲಿಂಗ್ ಅಂತ ಅದಕ್ಕೆ ಗೌರವದ ಹೆಸರು. ಕೆಲಸ ಅರ್ಧ, ಸಂಬಳ ಪೂರ್ತಿ. ಸಂಬಳವನ್ನು ನಾವು ಕೊಂಡ ದಿನವೇ ಕೊಟ್ಟಾಗಿದೆಯಲ್ಲ.

ಇದೆಲ್ಲ ಶುರುವಾಗಿದ್ದು ಲ್ಯಾಪ್‌ಟಾಪ್ ತೆಳ್ಳಗಾಗಬೇಕೆಂಬ ಹುಚ್ಚಿನಿಂದ. 2008ರ ಜನವರಿಯಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಒಂದು ಕಾಗದದ ಕವರಿನಿಂದ ಮ್ಯಾಕ್‌ಬುಕ್ ಏರ್ ಎಂಬ ಲ್ಯಾಪ್‌ಟಾಪ್ ಹೊರತೆಗೆದು ತೋರಿಸಿದರು. ಸಭೆ ಚಪ್ಪಾಳೆ ತಟ್ಟಿತು. ಅಲ್ಲಿಂದ ಈಚೆಗೆ ಲ್ಯಾಪ್‌ಟಾಪ್ ಮಾಡುವವರಿಗೆಲ್ಲ ಅದೇ ವ್ರತ. ಪ್ರತಿ ವರ್ಷ ಒಂದೆರಡು ಮಿಲಿಮೀಟರ್ ಕಡಿಮೆಯಾಗಬೇಕು, ಪ್ರತಿ ವರ್ಷ ವೇಗ ಹೆಚ್ಚಾಗಬೇಕು. ಎರಡರ ನಡುವೆ ಬಿಸಿ ಎಲ್ಲಿಗೆ ಹೋಗಬೇಕು ಅನ್ನೋದು ಜಾಹೀರಾತು ವಿಭಾಗಕ್ಕೆ ಸಂಬಂಧಪಟ್ಟ ವಿಷಯ ಅಲ್ಲ.

ಇಂಟೆಲ್‌ನ ಐ9-13980ಎಚ್‌ಎಕ್ಸ್ ಅನ್ನೋ ಲ್ಯಾಪ್‌ಟಾಪ್ ಪ್ರೊಸೆಸರನ್ನೇ ತಗೊಳ್ಳಿ. ಮಾಮೂಲಿ ಲೆಕ್ಕದಲ್ಲಿ 55 ವ್ಯಾಟ್. ಟರ್ಬೊ ಹೊಡೆದಾಗ, ಅಂದರೆ ಕೆಲಸ ಜೋರಾದಾಗ ತಾನೇ ವೇಗ ಏರಿಸಿಕೊಂಡಾಗ, 157 ವ್ಯಾಟ್ ತನಕ. ಮನೆಯ ಎರಡು ಹಳೇ ಸೀಲಿಂಗ್ ಫ್ಯಾನ್ ತಿನ್ನುವಷ್ಟು ಕರೆಂಟು, ಅಂಚೆಚೀಟಿಗಿಂತ ಚಿಕ್ಕ ಸಿಲಿಕಾನ್ ಚೂರಿನಲ್ಲಿ. ಪಕ್ಕದಲ್ಲೇ ಆರ್‌ಟಿಎಕ್ಸ್ 4090 ಲ್ಯಾಪ್‌ಟಾಪ್ ಗ್ರಾಫಿಕ್ಸ್ ಕೂತರೆ ಅದರದ್ದು ಇನ್ನೊಂದು 150 ವ್ಯಾಟ್. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇವೆರಡರ ಮೇಲೂ ಹಾದು ಹೋಗುವುದು ಬಿಸಿ ಸಾಗಿಸುವ ಅವೇ ತಾಮ್ರದ ಕೊಳವೆಗಳು, ಹೀಟ್‌ಪೈಪ್‌ಗಳು. ಆದ್ದರಿಂದ ಗ್ರಾಫಿಕ್ಸ್ ದುಡಿದರೆ ಸುಮ್ನೆ ಕೂತ ಪ್ರೊಸೆಸರ್‌ಗೂ ಜ್ವರ. ಕೂಡುಕುಟುಂಬ.

2018ರಲ್ಲಿ ಈ ನಾಟಕದ ಒಳ್ಳೇ ಅಂಕವೊಂದು ನಡೆಯಿತು. ಆಪಲ್ ಹೊಸ ಮ್ಯಾಕ್‌ಬುಕ್ ಪ್ರೊಗೆ ಐ9 ಹಾಕಿತ್ತು. ಡೇವ್ ಲೀ ಎಂಬ ಯೂಟ್ಯೂಬರ್ ಅದರಲ್ಲಿ ವಿಡಿಯೊ ರೆಂಡರ್ ಮಾಡಿ ನೋಡಿದರು. ಹಿಂದಿನ ವರ್ಷದ, ಕಡಿಮೆ ಕೋರ್‌ಗಳ ಮಾಡೆಲ್ಲೇ ಬೇಗ ಮುಗಿಸಿತು. ಆಮೇಲೆ ಹೊಸದನ್ನು ಫ್ರೀಜರ್‌ನಲ್ಲಿಟ್ಟು ಅದೇ ಕೆಲಸ ಮಾಡಿಸಿದರು. ಆಗ ಓಡಿತು ನೋಡಿ! ವೃತ್ತಿಪರರಿಗೆಂದೇ ಮಾಡಿದ ಮಷೀನಿಗೆ ಐಸ್‌ಕ್ರೀಮ್ ಡಬ್ಬಿಯ ಪಕ್ಕದ ಜಾಗವೇ ಸರಿಯಾದ ಆಫೀಸು ಎಂದು ಸಾಬೀತಾಯಿತು. ಕೆಲವೇ ದಿನಗಳಲ್ಲಿ ಆಪಲ್ ಕಾರಣ ಹುಡುಕಿ ಹೇಳಿತು: ಫರ್ಮ್‌ವೇರ್‌ನಲ್ಲಿ, ಅಂದರೆ ಯಂತ್ರದೊಳಗೇ ಕೂತಿರುವ ಸಾಫ್ಟ್‌ವೇರ್‌ನಲ್ಲಿ, ಒಂದು ಡಿಜಿಟಲ್ ಕೀಲಿ ಬಿಟ್ಟುಹೋಗಿತ್ತಂತೆ. ಅಪ್‌ಡೇಟ್ ಬಂತು, ಪರಿಸ್ಥಿತಿ ಸುಧಾರಿಸಿತು ಅನ್ನಿ. ಆದರೆ ಆ ಕೀಲಿ ಕಾರ್ಖಾನೆಯಲ್ಲಿ ಯಾರ ಕಣ್ಣಿಗೂ ಬೀಳದೆ, ಒಬ್ಬ ಗಿರಾಕಿ ಫ್ರೀಜರ್ ಬಾಗಿಲು ತೆಗೆದ ಮೇಲೆ ಸಿಕ್ಕಿತು.

ತಂಪು ಮಾಡುವ ಕೆಲಸ ಕೊಂಡವರದ್ದು ಅನ್ನೋದು ಈಗ ಒಪ್ಪಿತ ಪದ್ಧತಿ. ಹಾಸಿಗೆ ಮೇಲೆ ಇಡಬೇಡಿ, ಗಾಳಿಕಿಂಡಿ ಮುಚ್ಚುತ್ತದೆ. ತೊಡೆ ಮೇಲೆ ಇಡಬೇಡಿ, ಚರ್ಮಕ್ಕೆ ಆಗಲ್ಲ. ಇದು ತಮಾಷೆಯಲ್ಲ: ತಿಂಗಳುಗಟ್ಟಲೆ ದಿನಾ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು ಗೇಮ್ ಆಡಿದ 12 ವರ್ಷದ ಹುಡುಗನ ಎಡ ತೊಡೆ ಬಣ್ಣಗೆಟ್ಟ ವಿಷಯವನ್ನು ಸ್ವಿಟ್ಜರ್ಲೆಂಡಿನ ವೈದ್ಯರು 2010ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಇನ್ನು ಕೋಣೆಯ ಬಿಸಿ 35 ಡಿಗ್ರಿ ದಾಟಬಾರದು ಅನ್ನುತ್ತದೆ ಎಷ್ಟೋ ಕೈಪಿಡಿ. ರಾಯಚೂರು, ಕಲಬುರಗಿಯವರು ಇದನ್ನು ಏಪ್ರಿಲ್‌ನಲ್ಲಿ ಓದಬೇಕು. ಹೊರಗೆ 40 ದಾಟಿರುತ್ತದೆ, ಕರೆಂಟ್ ಹೋಗಿರುತ್ತದೆ, ಕೈಪಿಡಿ ಪ್ರಕಾರ ಜೂನ್ ತನಕ ಮಷೀನನ್ನು ಬ್ಯಾಗಿನಲ್ಲೇ ಇಡುವುದು ಕ್ಷೇಮ.

ಒಳಗೆ ನಿಜವಾಗಿ ಏನಿರುತ್ತದೆ ಅಂತ ನೋಡಬೇಕಾದರೆ ಬೆಂಗಳೂರಿನ ಎಸ್.ಪಿ. ರೋಡ್‌ನ ಯಾವುದಾದರೂ ರಿಪೇರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹುಡುಗ ಹಿಂಬದಿಯ ಸ್ಕ್ರೂ ಬಿಚ್ಚಿ, ಫ್ಯಾನ್ ಎತ್ತುತ್ತಾನೆ. ಫ್ಯಾನ್ ಚೆನ್ನಾಗೇ ತಿರುಗುತ್ತದೆ. ಆದರೆ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಧೂಳಿನ ಪದರ ಒತ್ತಾಗಿ ಕೂತಿರುತ್ತದೆ. ಚಿಮಟದಲ್ಲಿ ಹಿಡಿದು ಎಳೆದರೆ ಉದ್ದಕ್ಕೂ ಒಂದೇ ಪಟ್ಟಿಯಾಗಿ ಬರುತ್ತದೆ, ಒಂದೆರಡು ತಲೆಕೂದಲ ಸಮೇತ. ಪ್ರೊಸೆಸರ್‌ನ ಬಿಸಿಯನ್ನು ತಾಮ್ರಕ್ಕೆ ದಾಟಿಸಲು ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಪುಡಿಪುಡಿ. ಅದನ್ನು ಒರೆಸಿ, ಹೊಸ ಪೇಸ್ಟ್ ಹಚ್ಚಿ, ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದು ಬ್ಲೋವರ್‌ನಲ್ಲಿ ಊದಿದರೆ ಮುಗೀತು. ಬಿಸಿ ಎದ್ದು ಕಾಣುವಷ್ಟು ಇಳಿಯುತ್ತದೆ. ಇಷ್ಟು ಸುಲಭದ ಕೆಲಸಕ್ಕೆ ಕೆಲವು ಮಷೀನ್‌ಗಳ ಸ್ಕ್ರೂ ಮೇಲೆ ಸ್ಟಿಕ್ಕರ್ ಅಂಟಿರುತ್ತದೆ, ಹರಿದರೆ ವಾರಂಟಿ ಇಲ್ಲ ಎಂದು. ವಾರಂಟಿ ಮುಗಿಯುವ ತನಕ ಧೂಳಿಗೆ ಪೂರ್ಣ ರಕ್ಷಣೆ.

ಬಿಚ್ಚದೆ ಮಾಡುವ ಉಪಾಯವೂ ಇತ್ತು. ಅಂಡರ್‌ವೋಲ್ಟಿಂಗ್. ಪ್ರೊಸೆಸರ್‌ಗೆ ಕೊಡುವ ವೋಲ್ಟೇಜ್ ಚೂರು ತಗ್ಗಿಸಿದರೆ ಅದೇ ವೇಗ, ಕಡಿಮೆ ಬಿಸಿ. ಥ್ರಾಟಲ್‌ಸ್ಟಾಪ್ ಅಂತ ಒಂದು ಪುಟ್ಟ ಪ್ರೋಗ್ರಾಮ್ ಇದ್ದರೆ ಸಾಕಿತ್ತು. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಲೋಪ ಬೆಳಕಿಗೆ ಬಂತು. ವೋಲ್ಟೇಜ್ ತಗ್ಗಿಸಿ ಇಂಟೆಲ್ ಚಿಪ್ಪಿನ ಗುಪ್ತ ಭಾಗದಿಂದ ಮಾಹಿತಿ ಕದಿಯಬಹುದು ಎಂದು ಸಂಶೋಧಕರು ತೋರಿಸಿದರು. ಪರಿಹಾರವಾಗಿ ಬಯಾಸ್‌ಗೆ (ಮಷೀನ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಮ್) ಅಪ್‌ಡೇಟ್ ಬಂದು ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಸೌಲಭ್ಯಕ್ಕೇ ಬೀಗ ಬಿತ್ತು. ಆ ಗುಪ್ತ ಭಾಗವನ್ನು ಜನ್ಮದಲ್ಲಿ ಬಳಸದ ಕಾಲೇಜು ಹುಡುಗನೂ ಈಗ ಸುರಕ್ಷಿತ. ಬೆವರುತ್ತಿದ್ದಾನೆ ಅಷ್ಟೆ.

ಇನ್ನುಳಿದದ್ದು ವಿಂಡೋಸ್‌ನ ಒಂದು ಮೂಲೆ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನೋದನ್ನು 100ರಿಂದ 99ಕ್ಕೆ ಇಳಿಸಿ. ಆ ಒಂದು ಪರ್ಸೆಂಟಿಗೆ ಸಾಮಾನ್ಯವಾಗಿ ಟರ್ಬೊ ಪೂರ್ತಿ ಬಂದ್ ಆಗುತ್ತದೆ. ಫ್ಯಾನ್ ಗಲಾಟೆ ನಿಲ್ಲುತ್ತದೆ, ಕೀಬೋರ್ಡ್ ಮೇಲೆ ಬೆರಳಿಡಬಹುದು. ಗೇಮ್ ಆಡುವವರು ಫ್ರೇಮ್‌ರೇಟ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನು, 60ಕ್ಕೆ ಕಟ್ಟಿಹಾಕಿದರೆ ಗ್ರಾಫಿಕ್ಸೂ ತಣ್ಣಗಾಗುತ್ತದೆ. ಟರ್ಬೊಗೆಂದೇ ಇಪ್ಪತ್ತು ಮೂವತ್ತು ಸಾವಿರ ಜಾಸ್ತಿ ಕೊಟ್ಟು ಮೇಲಿನ ಮಾಡೆಲ್ ತಂದವರಿಗೆ, ಅದೇ ಟರ್ಬೊ ಆಫ್ ಮಾಡಿದ ಮೇಲೆ ಮನೆಯಲ್ಲಿ ನೆಮ್ಮದಿ.

ಇಷ್ಟಾದ ಮೇಲೂ ಹೊಸದು ಕೊಳ್ಳಲು ಅಂಗಡಿಗೆ ಹೋಗಿ. ಕೌಂಟರ್‌ನಲ್ಲಿರುವವರು ಮೊದಲು ಎತ್ತುವುದೇ ಐ9. "ಇದನ್ನ ನೋಡಿ ಸರ್, 5.6 ಗಿಗಾಹರ್ಟ್ಸ್. ಎಷ್ಟು ಸ್ಲಿಮ್ ಇದೆ ನೋಡಿ. ಇವತ್ತೇ ತಗೊಂಡ್ರೆ ಕೂಲಿಂಗ್ ಪ್ಯಾಡ್ ಫ್ರೀ."