ಒಂದು ಎಂಜಿನ್ ನಿಂತರೆ ಆಸ್ಪ್ರೆ ಮಗುಚುತ್ತದೆಯೇ?

ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಮಾತಿದು: ರೋಟರ್ (ತಿರುಗುವ ದೊಡ್ಡ ಪಂಖ) ಓರೆಮಾಡಿ ಹಾರುವ ಅಮೆರಿಕದ ಸೇನಾ ವಿಮಾನ ಆಸ್ಪ್ರೆಯ ಒಂದು ಎಂಜಿನ್ ಕೆಟ್ಟರೆ ಆ ಕ್ಷಣವೇ ಮಗುಚಿ ಬೀಳುತ್ತದಂತೆ. ಅದು ತಪ್ಪು. ವಿ-22 ಆಸ್ಪ್ರೆಯ ರೆಕ್ಕೆಯೊಳಗೆ ಎರಡೂ ಬದಿಯ ಗೇರ್‌ಬಾಕ್ಸ್‌ಗಳನ್ನು ಜೋಡಿಸುವ ಶಾಫ್ಟ್ ಇದೆ. ಉಳಿದ ಎಂಜಿನ್ನೇ ಎರಡೂ ರೋಟರ್ ತಿರುಗಿಸುತ್ತದೆ. ಭಾರ ಹೆಚ್ಚಿದ್ದರೆ ನಿಂತಲ್ಲೇ ತೇಲಲು ಮಾತ್ರ ಶಕ್ತಿ ಸಾಲದು.

ನಿಜವಾದ ಅಪಾಯಗಳು ಬೇರೆ. 2000ರ ಏಪ್ರಿಲ್‌ನಲ್ಲಿ ಅರಿಜೋನಾದಲ್ಲಿ, ಮುಂದಿನ ವೇಗ ಕಡಿಮೆಯಿದ್ದಾಗ ತೀರಾ ಬೇಗ ಇಳಿದ ವಿಮಾನದ ಒಂದು ರೋಟರ್ ತಾನೇ ಕೆಳಗೆ ತಳ್ಳಿದ ಗಾಳಿಯ ಸುಳಿಗೆ ಸಿಕ್ಕಿತು. 19 ಮಂದಿ ಸತ್ತರು. 2022ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐವರ ಸಾವಿಗೆ ಕಾರಣ, ಜಾರಿದ ಕ್ಲಚ್ ತಟ್ಟನೆ ಮತ್ತೆ ಕಚ್ಚಿಕೊಂಡದ್ದು. ಟಿಲ್ಲರ್‌ನ ಕ್ಲಚ್ ಒಮ್ಮೆಲೇ ಬಿಟ್ಟವರಿಗೆ ಆ ಹೊಡೆತದ ಅಂದಾಜಿರುತ್ತದೆ. 2023ರಲ್ಲಿ ಜಪಾನ್ ಬಳಿ ಗೇರ್ ಬಿರುಕುಬಿಟ್ಟು 8 ಮಂದಿ ತೀರಿಕೊಂಡರು. ಎಣ್ಣೆಯಲ್ಲಿ ಲೋಹದ ಚೂರಿದೆ ಎಂಬ ಎಚ್ಚರಿಕೆ ಮೊದಲೇ ಹಲವು ಸಲ ಬಂದಿತ್ತು.

ಫಾರ್ವರ್ಡ್ ಬಂದಾಗ ವರ್ಷ, ಸ್ಥಳ ಹುಡುಕಿ. ಅಧಿಕೃತ ತನಿಖಾ ವರದಿಯಲ್ಲಿ ಕಾರಣ ಓದಿ. ಬೇರೆ ವಿಮಾನದೊಂದಿಗೆ ಹೋಲಿಸುವುದಾದರೆ ಸಾವಿನ ಲೆಕ್ಕ ಸಾಲದು: ಅಪಘಾತಗಳನ್ನು ಹಾರಾಟದ ಗಂಟೆಗಳಿಂದ ಭಾಗಿಸಿ 1,00,000ದಿಂದ ಗುಣಿಸಿ. ಎರಡೂ ವಿಮಾನಗಳಿಗೆ ಒಂದೇ ಅವಧಿ, ಒಂದೇ ದರ್ಜೆಯ ಅಪಘಾತ ಇರಲಿ.