ಫೆಬ್ರವರಿ 30ರ ಶುಭಾಶಯಗಳು

‘ಫೆಬ್ರವರಿ 30ಕ್ಕೆ ಸಾಲ ತೀರಿಸುತ್ತೇನೆ’ ಎಂದು ಯಾರಾದರೂ ಹೇಳಿದರೆ ಪಂಗನಾಮ ಖಚಿತ ಎಂದುಕೊಳ್ಳುತ್ತೇವೆ. 1712ರ ಸ್ವೀಡನ್ನಿನಲ್ಲಿ ಹಾಗೆ ಹೇಳಿದವನು ದುಡ್ಡು ಎಣಿಸಲೇಬೇಕಿತ್ತು. ಆ ವರ್ಷ ಫೆಬ್ರವರಿ 30 ಬಂದಿತ್ತು. ಅಚ್ಚಿನ ತಪ್ಪಲ್ಲ, ರಾಜಾಜ್ಞೆ.

ಮೂಲದಲ್ಲಿ ಇದೊಂದು ಸುಧಾರಣೆ. ಹಿಂದೆ ಬಿದ್ದಿದ್ದ ಜೂಲಿಯನ್ ಕ್ಯಾಲೆಂಡರ್ ಬಿಟ್ಟು, ಇಂದು ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ಹೋಗಬೇಕಿತ್ತು. ನೆರೆಯ ಡೆನ್ಮಾರ್ಕ್ 1700ರಲ್ಲಿ ಫೆಬ್ರವರಿ 18ರ ಮರುದಿನವೇ ಮಾರ್ಚ್ 1 ಎಂದು ಸಾರಿ ಕೈತೊಳೆದುಕೊಂಡಿತು. ಸ್ವೀಡನ್ನಿನ ಆಡಳಿತಗಾರರಿಗೆ ಇದು ತೀರಾ ಒರಟು. ಹನ್ನೊಂದು ದಿನಗಳನ್ನು ಒಂದೇ ಸಲ ನುಂಗಿಸಿದರೆ ಪ್ರಜೆಗಳಿಗೆ ಅಜೀರ್ಣವಾಗದೆ? ಹಾಗಾಗಿ 1700ರಿಂದ 1740ರವರೆಗಿನ ಹನ್ನೊಂದು ಅಧಿಕ ದಿನಗಳನ್ನು, ಅಂದರೆ ಫೆಬ್ರವರಿ 29ಗಳನ್ನು, ‘ಹಂತ ಹಂತವಾಗಿ’ ಕೈಬಿಡುವುದೆಂದು ತೀರ್ಮಾನವಾಯಿತು. (ಈ ಪದ ಕಡತಕ್ಕೆ ಬಿತ್ತೆಂದರೆ ಆ ಕೆಲಸದ ತಿಥಿಗೂ ಈಗಲೇ ಪುರೋಹಿತರನ್ನು ಗೊತ್ತು ಮಾಡಿಡಬಹುದು.) ಅಲ್ಲಿಯತನಕ ನಲವತ್ತು ವರ್ಷ ದೇಶದ ತಾರೀಖು ಹಳೆಯದಕ್ಕೂ ಸೇರದು, ಹೊಸದಕ್ಕೂ ಸೇರದು. ಇರಲಿ, ಪ್ರಜೆಗಳ ಹೊಟ್ಟೆ ಮುಖ್ಯ.

1700ರಲ್ಲಿ ಒಂದು ದಿನ ಬಿಟ್ಟರು. ಅದೇ ವರ್ಷ ಯುದ್ಧ ಹತ್ತಿಕೊಂಡಿತು. ಹದಿಹರೆಯದ ದೊರೆ ಹನ್ನೆರಡನೆಯ ಕಾರ್ಲ್ ದಂಡೆತ್ತಿ ಹೊರಟ. 1704ರಲ್ಲಿ ಅಧಿಕ ದಿನ ಬಿಡಲೇ ಇಲ್ಲ. 1708ರಲ್ಲೂ ಇಲ್ಲ. ಹೀಗಾಗಿ 1709ರಲ್ಲಿ ಪೊಲ್ಟಾವಾದಲ್ಲಿ ರಷ್ಯನ್ನರು ಗೆದ್ದದ್ದು ಅವರ ಜೂಲಿಯನ್ ಲೆಕ್ಕದಲ್ಲಿ ಜೂನ್ 27, ಗ್ರೆಗೋರಿಯನ್ ಲೆಕ್ಕದಲ್ಲಿ ಜುಲೈ 8. ಸ್ವೀಡನ್ ಸೋತದ್ದು ಮಾತ್ರ ಜೂನ್ 28ರಂದು. ಸೋಲಿಗೂ ಸ್ವಂತ ತಾರೀಖು ಇಟ್ಟುಕೊಂಡ ಸ್ವಾಭಿಮಾನಿ ದೇಶ!

ಸೋತ ದೊರೆ ತುರ್ಕರ ಆಶ್ರಯದಲ್ಲಿ ಬೆಂಡೆರ್ ಎಂಬಲ್ಲಿ ಬಿಡಾರ ಹೂಡಿ ಅಲ್ಲಿಂದಲೇ ರಾಜ್ಯವಾಳತೊಡಗಿದ. ಸ್ಟಾಕ್‌ಹೋಮಿಗೆ ದೊರೆ ಬರಲಿಲ್ಲ, ಆಜ್ಞೆಗಳು ಬಂದವು. ಅವುಗಳಲ್ಲೊಂದು: ಈ ಗೋಜಲು ಸಾಕು, ಜೂಲಿಯನ್ ಕ್ಯಾಲೆಂಡರಿಗೇ ಮರಳಿ. ಮರಳಬೇಕಾದರೆ 1700ರಲ್ಲಿ ಕಿತ್ತುಕೊಂಡ ದಿನವನ್ನು ವಾಪಸು ಕೊಡಬೇಕಲ್ಲ? 1712 ಹೇಗೂ ಅಧಿಕ ವರ್ಷ. 29ರ ಬೆನ್ನಿಗೆ ಇನ್ನೊಂದನ್ನು ಹೊಲಿದರು. ಮಕ್ಕಳನ್ನು ದಂಡಿಗೆ, ದುಡ್ಡನ್ನು ತೆರಿಗೆಗೆ ಒಯ್ದಿದ್ದ ಸರ್ಕಾರ ಪ್ರಜೆಗಳಿಗೆ ಹಿಂದಿರುಗಿಸಿದ್ದು ಅದೊಂದನ್ನೇ: ಒಂದು ಶುಕ್ರವಾರ.

ಸುಧಾರಣೆ ಕೊನೆಗೂ ಜಾರಿಯಾದದ್ದು 1753ರಲ್ಲಿ. ಫೆಬ್ರವರಿ 17ರ ರಾತ್ರಿ ಮಲಗಿದವರು ಮಾರ್ಚ್ 1ರ ಬೆಳಿಗ್ಗೆ ಎದ್ದರು. ಹನ್ನೊಂದೂ ದಿನ, ಒಂದೇ ತುತ್ತಿಗೆ.