ತೂಕ ಕೇಳಿದ್ರಿ, ದಿನ ಹೇಗೆ ಹೋಗ್ತಿದೆ ಅಂತ ಕೇಳಿದ್ರಾ?

ಇವತ್ತು ಈಟಿಂಗ್ ಡಿಸಾರ್ಡರ್ (ಊಟ, ತೂಕದ ಚಿಂತೆಯೇ ಕಾಯಿಲೆಯಾಗೋದು) ಪತ್ತೆಗೆ ಮಾಡಿದ ಮತ್ತೊಂದು ಸ್ಕ್ರೀನಿಂಗ್ ಫಾರ್ಮ್ ಕಣ್ಣಿಗೆ ಬಿತ್ತು. ಎತ್ತರ, ತೂಕ, ಬಿಎಂಐ, ವಾಂತಿ ಮಾಡಿಕೊಳ್ತೀರಾ ಹೌದು/ಇಲ್ಲ. ಅಲ್ಲಿಗೆ ಮುಗೀತು. ನೋಡಿ ರೇಗಿಹೋಯ್ತು.

ಈಟಿಂಗ್ ಡಿಸಾರ್ಡರ್‌ನ ಅಂಚಿನಲ್ಲಿರೋ ಎಷ್ಟೋ ಹೆಣ್ಣುಮಕ್ಕಳ ತೂಕ ನಾರ್ಮಲ್ಲೇ ಇರುತ್ತೆ. ಕೆಟ್ಟಿರೋದು ದಿನಚರಿ. ಪುಸ್ತಕ ತೆರೆದು ಕೂತರೆ ಪುಟ ಮುಂದಕ್ಕೆ ಹೋಗಲ್ಲ, ತಲೆಯಲ್ಲಿ ಮಧ್ಯಾಹ್ನ ತಿಂದದ್ದರ ಲೆಕ್ಕವೇ ಓಡ್ತಿರುತ್ತೆ. ಗೆಳತಿಯರು ಊಟಕ್ಕೆ ಕರೆದರೆ ತಲೆನೋವಿನ ನೆಪ. ಇದನ್ನ ಯಾವ ತಕ್ಕಡಿ ತೋರಿಸುತ್ತೆ?

ಅಳೆಯೋಕೆ ಸಾಧನ ಇಲ್ಲದೇ ಇಲ್ಲ. ಸಂಶೋಧಕರಾದ ಬೋನ್, ಫೇರ್‌ಬರ್ನ್ ಮತ್ತವರ ತಂಡ 2008ರಲ್ಲೇ ಕೊಟ್ಟ ಕ್ಲಿನಿಕಲ್ ಇಂಪೇರ್‌ಮೆಂಟ್ ಅಸೆಸ್‌ಮೆಂಟ್ ಇದೆ, ಚಿಕ್ಕದಾಗಿ ಸಿಐಎ. 16 ಪ್ರಶ್ನೆ. ಊಟ, ವ್ಯಾಯಾಮ, ಮೈಕಟ್ಟು, ತೂಕದ ಚಿಂತೆಯಿಂದ ಕಳೆದ 28 ದಿನಗಳಲ್ಲಿ ಗಮನ ಕೆಟ್ಟಿತಾ, ಮರೆವು ಬಂತಾ, ಕೆಲಸಕ್ಕೆ ಪೆಟ್ಟು ಬಿತ್ತಾ, ನಾಚಿಕೆ ಕಾಡಿತಾ, ಹೊರಗೆ ಹೋಗೋದು ನಿಂತಿತಾ ಅಂತ ಕೇಳುತ್ತೆ. ಪ್ರತಿ ಉತ್ತರಕ್ಕೆ 0ರಿಂದ 3 ಅಂಕ, ಹೆಚ್ಚೆಂದರೆ ಒಟ್ಟು 48; ಅಂಕ ಹೆಚ್ಚಿದಷ್ಟೂ ಬದುಕಿಗೆ ಪೆಟ್ಟು ಹೆಚ್ಚು.

ಬಳಸೋದರಲ್ಲೂ ಎಡವಟ್ಟು ಆಗುತ್ತೆ. ಇದನ್ನ ಇಡಿಇ-ಕ್ಯೂ (ಊಟ, ತೂಕ, ಮೈಕಟ್ಟಿನ ಬಗೆಗಿನ ಯೋಚನೆ, ನಡವಳಿಕೆ ಕೇಳೋ ಇನ್ನೊಂದು ಪ್ರಶ್ನಾವಳಿ) ತುಂಬಿದ ತಕ್ಷಣ ಕೊಡಬೇಕು. ಅದೂ ಅದೇ 28 ದಿನಗಳದ್ದು, ಹಾಗಾಗಿ ತನ್ನ ಊಟ, ಮೈಕಟ್ಟಿನ ಯೋಚನೆ ಅವಳ ಮನಸ್ಸಿನಲ್ಲಿ ಆಗಷ್ಟೇ ಎದ್ದು ನಿಂತಿರುತ್ತೆ. ಬಿಡಿಯಾಗಿ ಕೊಟ್ಟರೆ ಪರೀಕ್ಷೆಯ ಟೆನ್ಷನ್ನೂ ಉತ್ತರದೊಳಗೆ ನುಸುಳುತ್ತೆ. ಬಿಟ್ಟ ಪ್ರಶ್ನೆಗೆ ಸೊನ್ನೆ ಹಾಕಬೇಡಿ. ಕನಿಷ್ಠ 12ಕ್ಕೆ ಉತ್ತರ ಇದ್ದರೆ ಸರಾಸರಿ ತೆಗೆದು 16ರಿಂದ ಗುಣಿಸಿ: 14 ಉತ್ತರಗಳಿಂದ 21 ಬಂದಿದ್ದರೆ ಅವಳ ಅಂಕ 24.

ಇನ್ನು ಸಿಐಎಯಲ್ಲಿ ಹಾಕಿರೋ 16 ಅಂಕದ ಗೆರೆ. ಕಾಯಿಲೆ ಇರೋರನ್ನ ಇಲ್ಲದೋರಿಂದ ಬೇರ್ಪಡಿಸೋಕೆ ಹಾಕಿದ ಗೆರೆ ಅದು. ಅಪಾಯದ ಅಂಚಿನಲ್ಲಿರೋಳಿಗೆ 13 ಬಂದರೆ 'ಏನೂ ಇಲ್ಲ' ಅಂತ ಕಳಿಸಿಬಿಡೋದಾ? ಆ 13 ಎಲ್ಲಿಂದ ಬಂತು ನೋಡಿ. ಸ್ವನಿಂದೆ, ತಪ್ಪಿತಸ್ಥ ಭಾವದಿಂದಲಾ, ಜನರಿಂದ ದೂರ ಸರಿದದ್ದರಿಂದಲಾ? ಹೊರಗಿನ ಊಟವನ್ನೇ ಪೂರ್ತಿ ಬಿಟ್ಟವಳು 'ಹೊರಗೆ ತಿನ್ನೋಕೆ ಕಷ್ಟ ಆಯ್ತಾ' ಅನ್ನೋದಕ್ಕೆ ಇಲ್ಲ ಅಂತ ಬರೆದುಬಿಡಬಹುದು. ಕಷ್ಟಪಡೋ ಸಂದರ್ಭವೇ ಬಂದಿರಲ್ಲವಲ್ಲ! ಕೊನೆಯ ಸಲ ಯಾರ ಜೊತೆ ಕೂತು ಉಂಡೆ ಅಂತ ಬಾಯಿಬಿಟ್ಟು ಕೇಳಿ.

'ತೂಕದ ಚಿಂತೆ ಯಾರಿಗಿಲ್ಲ ಬಿಡಿ' ಅಂತಾರೆ. ಇರಲಿ. ಎಲ್ಲರಿಗೂ ಇದೆ ಅನ್ನೋದಾದರೆ, ಅದು ಯಾರ ಬದುಕನ್ನ ಹಿಂಡ್ತಿದೆ ಅಂತ ಅಳೆಯೋದು ಇನ್ನೂ ಮುಖ್ಯ ಅಲ್ವಾ?

ಫಾರ್ಮ್ ಮಾಡೋರೇ, ದಯವಿಟ್ಟು ಈ 16 ಪ್ರಶ್ನೆ ಸೇರಿಸಿ. ನಾಲ್ಕು ವಾರ ಬಿಟ್ಟು ಮತ್ತೆ ಕೊಡಿ. ಅದಕ್ಕೂ ಮೊದಲೇ ಕೊಟ್ಟರೆ ಹಳೇ ದಿನಗಳೇ ಎರಡು ಸಲ ಲೆಕ್ಕಕ್ಕೆ ಬಂದು, ಅವಳು ಸುಧಾರಿಸಿದ್ದಾಳಾ ಇಲ್ಲವಾ ಅನ್ನೋದೇ ತಿಳಿಯಲ್ಲ.